ಬೆಲೆ ಕಟ್ಟುವವನ ಧರ್ಮ

ತಕ್ಕಡಿ ಹಿಡಿದ ವ್ಯಾಪಾರಿ ಹೇಗಿರಬೇಕೆಂಬುದನ್ನು ನಮ್ಮ ಹಿರಿಯರು ಹೇಳದೆ ಬಿಟ್ಟಿಲ್ಲ. ಅಳತೆಯ ಮೋಸ, ತೂಕದ ಮೋಸ, ಬೆರಕೆಯ ಮೋಸ ಇವೆಲ್ಲ ಕಣ್ಣಿಗೆ ಕಾಣುವ ಪಾಪಗಳು. ತೂಕದ ಕಲ್ಲು ಸರಿಯೋ ತಪ್ಪೋ ಎಂಬುದನ್ನು ಇನ್ನೊಂದು ಕಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಆದರೆ ತಕ್ಕಡಿಯೇ ಇಲ್ಲದೆಡೆಯಲ್ಲಿ, ತನ್ನ ವಿವೇಚನೆಯನ್ನೇ ತಕ್ಕಡಿಯಾಗಿ ಹಿಡಿದು ಬೆಲೆ ಹೇಳಬೇಕಾದವನ ಧರ್ಮವೇನು? ಅವನು ಸುಳ್ಳು ಹೇಳಿದನೆಂದು ಯಾರು ಸಾಧಿಸಬಲ್ಲರು? ಸಾಧಿಸಿ ತೋರಿಸಲಾಗದ ಸುಳ್ಳು ಸುಳ್ಳಲ್ಲವೆ? ಸದ್ಭಕ್ತರೇ, ಈ ಸಂಚಿಕೆಯಲ್ಲಿ ಈ ಪ್ರಶ್ನೆಯನ್ನು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ಇದನ್ನು ಎತ್ತಿಕೊಳ್ಳಲು ಕಾರಣವಿದೆ. ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಅನೇಕರು ಇಂದು ಚಾರ್ಟರ್ಡ್ ಅಕೌಂಟೆಂಟರಾಗಿ, ಬ್ಯಾಂಕಿನ ಅಧಿಕಾರಿಗಳಾಗಿ, ಸಹಕಾರ ಸಂಘಗಳ ಲೆಕ್ಕಪರಿಶೋಧಕರಾಗಿ ಜೀವನ ಸಾಗಿಸುತ್ತಿದ್ದಾರೆ. ಅವರಲ್ಲಿ ಕೆಲವರು ಎರಡು ವಿಶೇಷ ಕಾಯಕಗಳನ್ನು ಹಿಡಿದಿದ್ದಾರೆ. ನಡೆಯುತ್ತಿರುವ ಉದ್ಯಮವೊಂದಕ್ಕೆ ಇಷ್ಟು ಬೆಲೆಯೆಂದು ನಿರ್ಣಯಿಸುವುದು ಒಂದು; ಲೆಕ್ಕಪತ್ರಗಳಲ್ಲಿ ಅಡಗಿದ ಮೋಸವನ್ನು ನ್ಯಾಯಾಲಯದ ಮುಂದೆ ನಿಲ್ಲುವಂಥ ಸಾಕ್ಷ್ಯದೊಡನೆ ಹೊರತೆಗೆಯುವುದು ಇನ್ನೊಂದು. ಎರಡನೆಯದನ್ನು ಫೋರೆನ್ಸಿಕ್ ಅಕೌಂಟಿಂಗ್ ಎನ್ನುತ್ತಾರೆ. ಅಣ್ಣತಮ್ಮಂದಿರು ಬೇರೆಯಾದಾಗ, ದಂಪತಿಗಳು ಅಗಲಿದಾಗ, ಪಾಲುದಾರ ತೀರಿಕೊಂಡಾಗ, ಕಂಪನಿ ದಿವಾಳಿಯೆದ್ದಾಗ, ಬ್ಯಾಂಕಿನ ಸಾಲ ಮುಳುಗಿದಾಗ ಇವರನ್ನು ಕರೆಯುತ್ತಾರೆ. ಮನುಷ್ಯ ಮನುಷ್ಯನನ್ನು ನಂಬದಾದ ಗಳಿಗೆಯಲ್ಲಿ ಇವರ ಪ್ರವೇಶವಾಗುತ್ತದೆಯೆಂದು ಹೇಳಬಹುದು. ಹಾಗಿರುವಾಗ ಇವರನ್ನೇ ನಂಬಲಾಗದಿದ್ದರೆ ಮುಂದಿನ ದಾರಿ ಯಾವುದು?

ಹೊಲದ ಬೆಲೆಯನ್ನು ಪಕ್ಕದ ಹೊಲ ಮಾರಾಟವಾದ ದರದಿಂದ ಅಂದಾಜು ಮಾಡಬಹುದು. ಬಂಗಾರದ ಬೆಲೆ ದಿನಪತ್ರಿಕೆಯಲ್ಲಿಯೇ ಬರುತ್ತದೆ. ಉದ್ಯಮದ ಬೆಲೆ ಹಾಗಲ್ಲ. ಅದರ ಕಟ್ಟಡ, ಯಂತ್ರ, ದಾಸ್ತಾನುಗಳನ್ನು ಕೂಡಿಸಿದರೆ ಬರುವ ಮೊತ್ತ ಒಂದು. ಅದು ಮುಂದಿನ ವರ್ಷಗಳಲ್ಲಿ ತಂದುಕೊಡಬಹುದಾದ ಆದಾಯದ ಇಂದಿನ ಬೆಲೆ ಮತ್ತೊಂದು. ಇಬ್ಬರೂ ಬಲ್ಲವರಾಗಿ, ಇಬ್ಬರಿಗೂ ಒತ್ತಾಯವಿಲ್ಲದೆ, ಕೊಳ್ಳುವವನೂ ಮಾರುವವನೂ ಮನಃಪೂರ್ವಕವಾಗಿ ಒಪ್ಪುವ ಬೆಲೆಯೇ ನ್ಯಾಯದ ಬೆಲೆಯೆಂದು ಅಮೆರಿಕದ ತೆರಿಗೆ ಇಲಾಖೆ 1959ರಲ್ಲಿ ಹೊರಡಿಸಿದ ಒಂದು ನಿರೂಪದಲ್ಲಿ ವಿವರಿಸಿತು. ಆ ವಿವರಣೆಯನ್ನು ಇಂದಿಗೂ ಈ ವೃತ್ತಿಯವರು ಉದಾಹರಿಸುತ್ತಾರೆ. ಆದರೆ ಒತ್ತಾಯವಿಲ್ಲದ ಆ ಇಬ್ಬರು ಸಜ್ಜನರು ಎಲ್ಲಿದ್ದಾರೆ? ಅವರು ಮೌಲ್ಯಮಾಪಕನ ಮನಸ್ಸಿನಲ್ಲಿ ಮಾತ್ರ ಇದ್ದಾರೆ. ಅವನು ತನ್ನೊಳಗೆ ಅವರಿಬ್ಬರನ್ನೂ ಎದುರುಬದುರು ಕೂರಿಸಿ ಮಾತನಾಡಿಸಬೇಕು. ಅವನಿಗೆ ಸಂಬಳ ಕೊಡುವವನಾದರೋ ಅವರಲ್ಲಿ ಒಬ್ಬನೇ.

ಒಂದು ಪ್ರಸಂಗವನ್ನು ಹೇಳಿದರೆ ವಿಷಯ ತಿಳಿಯಾಗುತ್ತದೆ. ಬಯಲುಸೀಮೆಯ ಒಂದು ಊರಿನ ಕುಟುಂಬದ ವ್ಯಾಜ್ಯ ನ್ಯಾಯಾಲಯಕ್ಕೆ ಹೋಗುವ ಮುನ್ನ ಶ್ರೀಮಠಕ್ಕೆ ಬಂದಿತ್ತು. ಅವರದು ಶೇಂಗಾ ಎಣ್ಣೆಯ ಗಿರಣಿ. ಮನೆಯವರೇ ಸೇರಿ ಮಾಡಿಕೊಂಡ ಪ್ರೈವೇಟ್ ಲಿಮಿಟೆಡ್ ಕಂಪನಿ. ತಮ್ಮ ತೀರಿಕೊಂಡಿದ್ದ. ಅವನ ಹೆಸರಿನಲ್ಲಿ ಮೂರರಲ್ಲಿ ಒಂದು ಪಾಲಿತ್ತು. ಅವನ ಪತ್ನಿ, ಇಬ್ಬರು ಹೆಣ್ಣುಮಕ್ಕಳ ತಾಯಿ, ಪಾಲನ್ನು ಭಾವನವರಿಗೇ ಬಿಟ್ಟುಕೊಟ್ಟು ಹಣ ಪಡೆಯಲು ಸಿದ್ಧರಿದ್ದರು. ಅಣ್ಣನೂ ಕೊಡಲು ಸಿದ್ಧ. ಕೊಡಬೇಕಾದದ್ದು ಎಷ್ಟು ಎಂಬುದಷ್ಟೇ ಪ್ರಶ್ನೆ. ಅಣ್ಣ ತಂದ ವರದಿಯಲ್ಲಿ ಆ ಪಾಲಿಗೆ 15 ಲಕ್ಷ ರೂಪಾಯಿ; ತಮ್ಮನ ಪತ್ನಿ ತಂದ ವರದಿಯಲ್ಲಿ 40 ಲಕ್ಷ. ಎರಡಕ್ಕೂ ಕಲಿತವರ ಸಹಿ, ಮೊಹರು. ಸಹಿ ಹಾಕಿದವರಲ್ಲಿ ಒಬ್ಬರು ನಮ್ಮ ಪ್ರಸಾದನಿಲಯದವರೇ.

ಎರಡೂ ವರದಿಗಳನ್ನು ಬಿಡಿಸಿ ನೋಡಿದಾಗ ಇಬ್ಬರೂ ಹೊರಟದ್ದು ಒಂದೇ ಅಂಕಿಯಿಂದ ಎಂಬುದು ಕಂಡುಬಂತು. ಗಿರಣಿಯ ವಾರ್ಷಿಕ ಲಾಭ 12 ಲಕ್ಷ. ಇಂಥ ಉದ್ಯಮದಲ್ಲಿ ಹಣ ಹೂಡುವವನು ನೂರಕ್ಕೆ ಇಪ್ಪತ್ತರ ಪ್ರತಿಫಲ ಬಯಸುತ್ತಾನೆಂದು ಮೊದಲನೆಯವರು ಹಿಡಿದರು. ಗಿರಣಿಯ ಬೆಲೆ 60 ಲಕ್ಷವಾಯಿತು. ನೂರಕ್ಕೆ ಹತ್ತು ಸಾಕೆಂದು ಎರಡನೆಯವರು ಹಿಡಿದರು. ಬೆಲೆ 1 ಕೋಟಿ 20 ಲಕ್ಷವಾಯಿತು. ಮೊದಲನೆಯವರು ಅಷ್ಟಕ್ಕೇ ನಿಲ್ಲದೆ, ಮೂರರಲ್ಲಿ ಒಂದು ಪಾಲು ಕೊಂಡವನಿಗೆ ಗಿರಣಿ ನಡೆಸುವ ಅಧಿಕಾರವಿರುವುದಿಲ್ಲ, ಅಂಥ ಪಾಲನ್ನು ಪೇಟೆಯಲ್ಲಿ ಮಾರುವುದೂ ಕಷ್ಟ ಎಂಬ ಕಾರಣ ಕೊಟ್ಟು, 20 ಲಕ್ಷದಲ್ಲಿ ನೂರಕ್ಕೆ ಇಪ್ಪತ್ತೈದನ್ನು ಕಳೆದಿದ್ದರು. ಇವುಗಳಲ್ಲಿ ಯಾವುದೂ ವೃತ್ತಿಗೆ ಹೊರತಾದದ್ದಲ್ಲ. ಎಲ್ಲವೂ ಪಠ್ಯಪುಸ್ತಕದಲ್ಲಿವೆ. ಇಲ್ಲಿಯೇ ನಾವು ಎಚ್ಚರಗೊಳ್ಳಬೇಕು. ಪ್ರಾಮಾಣಿಕರಿಬ್ಬರು ಪ್ರಾಮಾಣಿಕವಾಗಿಯೇ ಭಿನ್ನವಾದ ಬೆಲೆ ಹೇಳಬಹುದಾದ ವಿದ್ಯೆ ಇದು. ಆದುದರಿಂದಲೇ ಅಪ್ರಾಮಾಣಿಕತೆಗೆ ಇಲ್ಲಿ ಅಡಗಲು ಬೇಕಾದಷ್ಟು ಸ್ಥಳವಿದೆ.

ಇಬ್ಬರನ್ನೂ ಕರೆಸಿ ನಾವು ಕೇಳಿದ್ದು ಒಂದೇ ಮಾತು: ಎದುರು ಪಕ್ಷದವರು ಮೊದಲು ನಿಮ್ಮ ಬಳಿಗೆ ಬಂದಿದ್ದರೆ ಇದೇ ಅಂಕಿಯನ್ನು ಬರೆಯುತ್ತಿದ್ದಿರಾ? ಒಬ್ಬರು ಕಾಗದವನ್ನೇ ನೋಡುತ್ತ ಕುಳಿತರು. ಇನ್ನೊಬ್ಬರು, “ಸ್ವಲ್ಪ ವ್ಯತ್ಯಾಸ ಆಗ್ತಿತ್ತು, ಬುದ್ಧೀ” ಎಂದರು. ಆ ಸ್ವಲ್ಪ ಎಷ್ಟೆಂದು ನಾವು ಕೇಳಲಿಲ್ಲ. ಮೊದಲಿನಿಂದ ಇನ್ನೊಮ್ಮೆ ಲೆಕ್ಕ ಹಿಡಿಯಿರಿ, ಈ ಸಲ ಇಬ್ಬರೂ ಒಂದೇ ಮೇಜಿಗೆ ಕುಳಿತು ಮಾಡಿ ಎಂದೆವು.

ಆಗ ಎರಡು ವರದಿಗಳಲ್ಲಿಯೂ ಇಲ್ಲದ ಸಂಗತಿಗಳು ಹೊರಬಿದ್ದವು. ಅಣ್ಣನಾದವನು ಬೆಳಗಿನಿಂದ ರಾತ್ರಿಯವರೆಗೆ ಗಿರಣಿಯಲ್ಲಿ ದುಡಿಯುತ್ತಿದ್ದ. ಸಂಬಳವೆಂದು ಒಂದು ಪೈಸೆ ತೆಗೆದುಕೊಂಡಿರಲಿಲ್ಲ. ಹೊರಗಿನ ಮ್ಯಾನೇಜರನನ್ನು ಇಟ್ಟಿದ್ದರೆ ವರ್ಷಕ್ಕೆ 4 ಲಕ್ಷವಾದರೂ ಕೊಡಬೇಕಾಗಿತ್ತು. ಅಂದರೆ ಲಾಭವೆಂದು ಬರೆದ 12 ಲಕ್ಷದಲ್ಲಿ 4 ಲಕ್ಷ ಬಂಡವಾಳದ ಫಲವಲ್ಲ, ಒಬ್ಬನ ಕಾಯಕದ ಫಲ. ಅದರಲ್ಲಿ ತಮ್ಮನ ಪಾಲು ಕೇಳುವುದು ನ್ಯಾಯವಲ್ಲ. ಇನ್ನೊಂದು ಕಡೆ, ಅಣ್ಣನ ಹೆಂಡತಿಯ ಹೆಸರಿನಲ್ಲಿದ್ದ ಗೋದಾಮಿಗೆ ಕಂಪನಿ ಕೊಡುತ್ತಿದ್ದ ಬಾಡಿಗೆ ಆ ಬೀದಿಯ ಬಾಡಿಗೆಗಿಂತ ವರ್ಷಕ್ಕೆ 1 ಲಕ್ಷ ಹೆಚ್ಚಾಗಿತ್ತು. ಅದನ್ನು ಮರಳಿ ಕೂಡಿಸಬೇಕಾಯಿತು. ನಿಂತ ಲಾಭ 9 ಲಕ್ಷ. ಮಳೆಯನ್ನೂ ಹೊರದೇಶದ ತಾಳೆ ಎಣ್ಣೆಯ ದರವನ್ನೂ ನಂಬಿಕೊಂಡ ಉದ್ಯಮವಾದ್ದರಿಂದ ನೂರಕ್ಕೆ ಹದಿನೈದರ ದರ ಸರಿಯೆಂದು ಇಬ್ಬರೂ ಒಪ್ಪಿದರು. ಗಿರಣಿಯ ಬೆಲೆ 60 ಲಕ್ಷವಾಯಿತು. ಮೊದಲನೆಯ ವರದಿಯಲ್ಲಿದ್ದ ಅಂಕಿಯೇ ಮತ್ತೆ ಬಂತೆಂಬುದನ್ನು ಗಮನಿಸಿರಿ. ಹಾಗೆಂದು ಆ ವರದಿ ಸರಿಯಾಗಿತ್ತೆಂದು ಅರ್ಥವಲ್ಲ. ಬೇಕಾದ ಅಂಕಿಯನ್ನು ಮುಂದಿಟ್ಟುಕೊಂಡು ದಾರಿ ಹುಡುಕಿದವನಿಗೆ ಒಮ್ಮೊಮ್ಮೆ ಸರಿಯಾದ ಅಂಕಿಯೇ ಸಿಕ್ಕುವುದುಂಟು.

ಉಳಿದದ್ದು ಆ ಇಪ್ಪತ್ತೈದರ ಕಡಿತ. ಇದು ಈ ವೃತ್ತಿಯ ಬಹು ಕಠಿಣವಾದ ಪ್ರಶ್ನೆಗಳಲ್ಲಿ ಒಂದು. ಹೊರಗಿನವನಾರೋ ಆ ಸಣ್ಣ ಪಾಲನ್ನು ಕೊಳ್ಳುವುದಾದರೆ ಕಡಿಮೆ ಬೆಲೆ ಕೇಳುವುದು ಸಹಜ. ಇಲ್ಲಿ ಕೊಳ್ಳುವವನು ಅಣ್ಣ. ಅವನ ಕೈಗೆ ಬಂದ ಗಳಿಗೆಯಲ್ಲಿ ಆ ಪಾಲಿನ ದೌರ್ಬಲ್ಯವೆಲ್ಲ ಮಾಯವಾಗಿ ಅದು ಪೂರ್ಣ ಗಿರಣಿಯ ಅಂಗವಾಗುತ್ತದೆ. ಹೀಗಿರುವಾಗ, ನೀನು ದುರ್ಬಲಳಾದ್ದರಿಂದ ನಿನ್ನ ಪಾಲಿಗೆ ಬೆಲೆ ಕಡಿಮೆಯೆಂದು ಆಕೆಗೆ ಹೇಳುವುದು ಮೌಲ್ಯಮಾಪನವೋ, ದುರ್ಬಲತೆಯ ಮೇಲಿನ ತೆರಿಗೆಯೋ? ಅಮೆರಿಕದ ಡೆಲವೇರ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1989ರಲ್ಲಿ, ಕಂಪನಿಯಿಂದ ಹೊರಗೆ ಹಾಕಲ್ಪಟ್ಟ ಸಣ್ಣ ಪಾಲಿನವನ ಮೊಕದ್ದಮೆಯೊಂದರಲ್ಲಿ ಇಂಥ ಕಡಿತವನ್ನು ನಿರಾಕರಿಸಿತು. ಇಡೀ ಕಂಪನಿಗೆ ಬೆಲೆ ಕಟ್ಟಿ, ಅದರಲ್ಲಿ ಅವನ ಭಾಗವನ್ನು ಅವನಿಗೆ ಕೊಡಬೇಕೆಂಬುದು ಅದರ ನಿಲುವು. ನಮಗೂ ಅದೇ ನ್ಯಾಯವೆಂದು ತೋರಿತು. ಕೊನೆಗೆ 20 ಲಕ್ಷ, ನಾಲ್ಕು ವರ್ಷಗಳ ಕಂತಿನಲ್ಲಿ ಎಂದು ಒಪ್ಪಂದವಾಯಿತು. ಆ ತಾಯಿಗೆ ಪೂರ್ಣ ಸಮಾಧಾನವಾಯಿತೆಂದು ಹೇಳಲಾರೆವು. 40 ಲಕ್ಷವೆಂದು ಬರೆದುಕೊಟ್ಟ ಕಾಗದವನ್ನು ಅಷ್ಟು ದಿನ ಕೈಯಲ್ಲಿ ಹಿಡಿದಿದ್ದವರಿಗೆ 20 ಲಕ್ಷ ನಷ್ಟದಂತೆ ಕಾಣುವುದು ಸ್ವಾಭಾವಿಕ. ಉಬ್ಬಿಸಿದ ವರದಿ ಎದುರಾಳಿಗಷ್ಟೇ ಅಲ್ಲ, ತನ್ನನ್ನು ನಂಬಿ ಬಂದವರಿಗೂ ದ್ರೋಹ ಮಾಡುತ್ತದೆ.

ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನ ಕಥೆ ನಿಮಗೆಲ್ಲ ಗೊತ್ತು. ಅಂದು ತಂದ ಅಕ್ಕಿ ಎಂದಿನದಕ್ಕಿಂತ ಹೆಚ್ಚೆಂದು ಲಕ್ಕಮ್ಮ ಕಂಡಳು. ಮರಳಿ ಸುರಿದು ಬಾ ಎಂದು ಗಂಡನನ್ನು ಕಳಿಸಿದಳು. ಅವಳ ಕೈಯಲ್ಲಿ ತಕ್ಕಡಿಯಿರಲಿಲ್ಲ. ನಮ್ಮ ಕಾಯಕಕ್ಕೆ ಸಲ್ಲುವುದು ಎಷ್ಟು ಎಂಬ ಅಳತೆ ಅವಳೊಳಗೆ ಮೊದಲೇ ಇತ್ತು. ತಕ್ಕಡಿಯಿಲ್ಲದೆಡೆ ಬೆಲೆ ಹೇಳುವವನಿಗೆ ಬೇಕಾದದ್ದು ಆ ಅಳತೆ. ಅದನ್ನು ಪರೀಕ್ಷೆ ಪಾಸು ಮಾಡಿ ಪಡೆಯಲು ಬರುವುದಿಲ್ಲ.

ಕಾಯಿದೆ ಮಾಡುವುದನ್ನು ಮಾಡಿದೆ. 2013ರ ಕಂಪನಿ ಕಾಯಿದೆಯ 247ನೆಯ ಕಲಮು ನೋಂದಾಯಿತ ಮೌಲ್ಯಮಾಪಕರೆಂಬ ವರ್ಗವನ್ನು ಸೃಷ್ಟಿಸಿ, ಅವರು ನಿಷ್ಪಕ್ಷಪಾತವಾಗಿ ನಡೆಯಬೇಕೆಂದು ವಿಧಿಸಿತು. ವಂಚಿಸುವ ಉದ್ದೇಶದಿಂದ ಉಲ್ಲಂಘಿಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸವುಂಟು. 2017ರ ನಿಯಮಗಳ ನಡವಳಿಕೆಯ ಸಂಹಿತೆಯಲ್ಲಿ, ಕಕ್ಷಿಯ ಅನುಕೂಲಕ್ಕೆ ತಕ್ಕ ಮೌಲ್ಯಮಾಪನ ಮಾಡಿಕೊಡಬಾರದೆಂಬ ಮಾತು ಸ್ಪಷ್ಟವಾಗಿಯೇ ಇದೆ. ನಿಯಮ ಮಾಡುವವರು ಆ ರೋಗಕ್ಕೆ ಹೆಸರಿಟ್ಟು ಬರೆಯಬೇಕಾಯಿತೆಂದರೆ ರೋಗ ಎಷ್ಟು ಹರಡಿರಬೇಕು! ದಿವಾಳಿ ಸಂಹಿತೆಯ ಕೆಳಗೆ ಇಬ್ಬರು ಮೌಲ್ಯಮಾಪಕರನ್ನು ನೇಮಿಸುವ, ಇಬ್ಬರ ಅಂದಾಜು ಬಹಳ ದೂರವಾದರೆ ಮೂರನೆಯವರನ್ನು ಕರೆಯುವ ಏರ್ಪಾಡು ಬಂತು. ಬಹಳ ದೂರವೆಂದರೆ ಎಷ್ಟು ಎಂಬುದನ್ನು 2022ರ ತಿದ್ದುಪಡಿ ನೂರಕ್ಕೆ ಇಪ್ಪತ್ತೈದೆಂದು ಗೊತ್ತುಪಡಿಸಿತು. ಇದೆಲ್ಲ ಬೇಕಾದದ್ದೇ. ಆದರೂ ಒಂದು ಬಾಗಿಲು ತೆರೆದೇ ಇದೆ. ಫಲಿತಾಂಶವನ್ನು ಅವಲಂಬಿಸಿದ ಶುಲ್ಕವನ್ನು ಚಾರ್ಟರ್ಡ್ ಅಕೌಂಟೆಂಟರು ಪಡೆಯಬಾರದೆಂದು 1949ರ ಅವರ ಕಾಯಿದೆ ನಿಷೇಧಿಸುತ್ತದೆ. ಅದರ ಕೆಳಗಿನ ನಿಬಂಧನೆಗಳಾದರೋ ನೇರ ತೆರಿಗೆಗಳಿಗಾಗಿ ಆಸ್ತಿಯ ಬೆಲೆ ಕಟ್ಟುವವನು ಆ ಬೆಲೆಯ ಮೇಲೆಯೇ ಶೇಕಡಾ ಲೆಕ್ಕದ ಶುಲ್ಕ ಪಡೆಯಲು ಅವಕಾಶ ಕೊಟ್ಟವು. ಬೆಲೆ ಏರಿಸಿದಷ್ಟೂ ಕೂಲಿ ಏರುವ ಈ ಏರ್ಪಾಡು ನಮಗೆ ಸರಿಕಾಣುವುದಿಲ್ಲ.

ಇನ್ನು ಎರಡನೆಯ ಕಾಯಕ. ಮೌಲ್ಯಮಾಪಕನಿಗೆ ಕಕ್ಷಿಯನ್ನು ಮೆಚ್ಚಿಸುವ ಆಸೆಯಿದ್ದರೆ, ಲೆಕ್ಕದ ತನಿಖೆಗಾರನಿಗೆ ಕಳ್ಳನನ್ನು ಹಿಡಿಯುವ ಆಸೆ. ಈ ಆಸೆ ನೋಡಲು ಸಾತ್ವಿಕವಾಗಿರುವುದರಿಂದ ಹೆಚ್ಚು ಅಪಾಯಕಾರಿ.

ಮೊದಲು ಸಂಶಯದ ಅಗತ್ಯವನ್ನು ಹೇಳಿಬಿಡೋಣ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷರು 2009ರ ಜನವರಿ 7ರಂದು ತಮ್ಮ ನಿರ್ದೇಶಕ ಮಂಡಲಿಗೆ ಪತ್ರ ಬರೆದು, ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿಗಳ ನಗದು ಹಾಗೂ ಬ್ಯಾಂಕಿನ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. 2008ರ ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳಲ್ಲಿ 649 ಕೋಟಿಯೆಂದು ತೋರಿಸಿದ್ದ ಲಾಭ ವಾಸ್ತವದಲ್ಲಿ 61 ಕೋಟಿಯೆಂದೂ ಆ ಪತ್ರದಲ್ಲಿತ್ತು. ಸಂಸ್ಥೆಯ ಹೆಸರನ್ನು ನೆನೆದರೆ ವಿಷಾದವಾಗುತ್ತದೆ. ಬ್ಯಾಂಕಿನಲ್ಲಿ ಹಣವಿದೆಯೇ ಎಂದು ತಿಳಿಯಲು ಲೆಕ್ಕಪರಿಶೋಧಕನು ಬ್ಯಾಂಕಿಗೆ ತಾನೇ ಪತ್ರ ಬರೆದು, ಉತ್ತರವನ್ನು ನೇರವಾಗಿ ತನ್ನ ಕೈಗೇ ತರಿಸಿಕೊಳ್ಳಬೇಕು. ಕಾರಕೂನನಿಗೂ ತಿಳಿಯುವ ಮಾತು ಇದು. ಆ ಪತ್ರಗಳ ಹೋಗುಬರುವನ್ನು ಕಂಪನಿಯ ಆಡಳಿತದವರ ಕೈಗೇ ಬಿಟ್ಟಿದ್ದರೆಂಬುದು ಅಮೆರಿಕದ ಷೇರುಪೇಟೆಯ ನಿಯಂತ್ರಕರು 2011ರ ಏಪ್ರಿಲಿನಲ್ಲಿ ಲೆಕ್ಕಪರಿಶೋಧಕ ಸಂಸ್ಥೆಗಳ ವಿರುದ್ಧ ಹೊರಡಿಸಿದ ಆದೇಶದಲ್ಲಿ ಎತ್ತಿ ತೋರಿಸಿದ ಲೋಪ. ಮಹಾಮೋಸಗಳು ಗೂಢವಾದ ಗಣಿತದಿಂದ ನಡೆಯುತ್ತವೆಂದು ನಾವು ತಿಳಿದಿರುತ್ತೇವೆ. ಅನೇಕ ವೇಳೆ, ಕೇಳಬೇಕಾದ ಒಂದು ಸರಳ ಪ್ರಶ್ನೆಯನ್ನು ಕೇಳಬೇಕಾದವನು ಸಂಕೋಚದಿಂದ ಕೇಳದೆ ಬಿಟ್ಟದ್ದರಿಂದಲೇ ಅವು ಬೆಳೆಯುತ್ತವೆ.

ಆದರೆ ಸಂಶಯಕ್ಕೂ ಒಂದು ಎಲ್ಲೆ ಬೇಕು. ಅಂಕಿಗಳ ಸ್ವಭಾವದಿಂದ ಮೋಸವನ್ನು ಮೂಸಿ ನೋಡುವ ಒಂದು ಉಪಾಯವಿದೆ. ಲಾಗರಿತಮ್ ಪುಸ್ತಕದ ಮೊದಲ ಪುಟಗಳೇ ಹೆಚ್ಚು ಸವೆದಿರುವುದನ್ನು 1881ರಲ್ಲಿ ಸೈಮನ್ ನ್ಯೂಕೂಂಬ್ ಎಂಬ ಖಗೋಳಜ್ಞ ಗಮನಿಸಿದ. 1938ರಲ್ಲಿ ಫ್ರಾಂಕ್ ಬೆನ್‌ಫರ್ಡ್ ಎಂಬಾತ ಅದನ್ನು ಅನೇಕ ಬಗೆಯ ಅಂಕಿಗಳಲ್ಲಿ ಪರೀಕ್ಷಿಸಿ ನೋಡಿದ. ಸಹಜವಾಗಿ ಬೆಳೆದ ಲೆಕ್ಕಗಳಲ್ಲಿ ನೂರಕ್ಕೆ ಸುಮಾರು ಮೂವತ್ತು ಸಂಖ್ಯೆಗಳು ಒಂದರಿಂದ ಆರಂಭವಾಗುತ್ತವೆ, ಒಂಬತ್ತರಿಂದ ಆರಂಭವಾಗುವವು ಐದಕ್ಕೂ ಕಡಿಮೆ. ಕುಳಿತು ಕಲ್ಪಿಸಿ ಬರೆದ ಅಂಕಿಗಳು ಈ ಪ್ರಮಾಣವನ್ನು ತಪ್ಪುವುದುಂಟು. ಕುತೂಹಲಕರವಾದ ಸಂಗತಿಯೇ ಹೌದು. ನಮ್ಮ ಪ್ರಸಾದನಿಲಯದ ಹಾಲಿನ ಲೆಕ್ಕಕ್ಕೆ ಇದನ್ನು ಅನ್ವಯಿಸಿದರೆ ಏನಾಗುತ್ತದೆ? ನಿತ್ಯವೂ ಅಷ್ಟೇ ಲೀಟರು, ಅಷ್ಟೇ ದರ. ತಿಂಗಳಾನುಗಟ್ಟಲೆ ಮೊದಲ ಅಂಕಿ ಒಂದೇ. ಕಂಪ್ಯೂಟರು ನಮ್ಮ ಭಂಡಾರಿಯನ್ನು ಕಳ್ಳನೆಂದು ಗುಮಾನಿಪಟ್ಟೀತು. ಇಂಥ ಉಪಾಯಗಳು ಎಲ್ಲಿ ನೋಡಬೇಕೆಂಬುದನ್ನು ತೋರಿಸುತ್ತವೆ, ಏನನ್ನು ತೀರ್ಮಾನಿಸಬೇಕೆಂಬುದನ್ನಲ್ಲ. ಲೆಕ್ಕದ ಪುಸ್ತಕದಲ್ಲಿ ಹಣ ಹೋದ ದಾರಿ ಕಾಣುತ್ತದೆ. ಕಳಿಸಿದವನ ಮನಸ್ಸು ಕಾಣುವುದಿಲ್ಲ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ರೂಪಿಸಿ 2023ರ ಜುಲೈ 1ರಿಂದ ಕಡ್ಡಾಯಗೊಳಿಸಿದ ತನಿಖಾ ಮಾನದಂಡಗಳೂ ಸಂಗತಿಯನ್ನು, ಸಾಕ್ಷ್ಯವನ್ನು ಮುಂದಿಡುವುದಕ್ಕೇ ವೃತ್ತಿಯವರನ್ನು ಕಟ್ಟಿಹಾಕುತ್ತವೆ. ಅಪರಾಧಿ ಯಾರೆಂಬ ತೀರ್ಪು ನ್ಯಾಯಾಲಯದ್ದು.

ಈ ಎಲ್ಲೆಯನ್ನು ಮೀರಿದರೆ ಆಗುವ ಅನ್ಯಾಯವೇನೆಂಬುದು ಬ್ಯಾಂಕುಗಳ ವ್ಯವಹಾರದಲ್ಲಿ ಕಂಡುಬಂತು. ತನಿಖಾ ವರದಿಯನ್ನು ಆಧರಿಸಿ ಸಾಲಗಾರನ ಖಾತೆಯನ್ನು ವಂಚನೆಯ ಖಾತೆಯೆಂದು ಘೋಷಿಸಿದರೆ, ಅವನಿಗೆ ಬೇರಾವ ಬ್ಯಾಂಕಿನ ಬಾಗಿಲೂ ತೆರೆಯದು. ಹಾಗೆ ಘೋಷಿಸುವ ಮುನ್ನ ಅವನಿಗೆ ನೋಟೀಸು ಕೊಟ್ಟು, ವರದಿಯ ನಿರ್ಣಯಗಳಿಗೆ ಉತ್ತರ ಹೇಳಲು ಅವಕಾಶ ಕೊಡಲೇಬೇಕೆಂದು ಸುಪ್ರೀಂ ಕೋರ್ಟು 2023ರ ಮಾರ್ಚಿನಲ್ಲಿ ತೀರ್ಪಿತ್ತಿತು. ಮರುವರ್ಷ ರಿಸರ್ವ್ ಬ್ಯಾಂಕು ತನ್ನ ನಿರ್ದೇಶನಗಳನ್ನು ಪರಿಷ್ಕರಿಸಿ, ಉತ್ತರಕ್ಕೆ 21 ದಿನಗಳಿಗೆ ಕಡಿಮೆಯಿಲ್ಲದ ಅವಧಿಯನ್ನು ಗೊತ್ತುಮಾಡಿತು. ವರದಿ ಬರೆಯುವವರು ಇದನ್ನು ಅಡ್ಡಿಯೆಂದು ತಿಳಿಯಬಾರದು. ಆರೋಪಿತನ ಒಂದು ಮಾತಿನಿಂದ ಮೂರು ತಿಂಗಳ ಗುಮಾನಿ ಕರಗಿದ ಉದಾಹರಣೆಗಳನ್ನು ಈ ವೃತ್ತಿಯ ಭಕ್ತರಿಂದಲೇ ನಾವು ಕೇಳಿದ್ದೇವೆ.

ಬಸವಣ್ಣನವರೂ ಇಂಥ ತನಿಖೆಗೆ ಒಳಗಾದವರೆಂಬುದನ್ನು ಇಲ್ಲಿ ಸ್ಮರಿಸಬೇಕು. ಅವರು ಬಿಜ್ಜಳನ ಭಂಡಾರಿಯಾಗಿದ್ದಾಗ, ಅರಮನೆಯ ಹಣವನ್ನು ಜಂಗಮರ ದಾಸೋಹಕ್ಕೆ ಸುರಿಯುತ್ತಿದ್ದಾರೆಂದು ಹೊಟ್ಟೆಕಿಚ್ಚಿನವರು ಚಾಡಿ ಹೇಳಿದರು. ಭಂಡಾರವನ್ನು ತೆರೆಸಿ ಎಣಿಸಿದಾಗ ಲೆಕ್ಕ ಸರಿಯಾಗಿತ್ತು ಎಂದು ಪುರಾಣಗಳು ಹೇಳುತ್ತವೆ. ಪವಾಡದ ಅಂಶವನ್ನು ಭಕ್ತರ ಶ್ರದ್ಧೆಗೆ ಬಿಡೋಣ. ನಮಗೆ ಮುಖ್ಯವೆನಿಸುವುದು ಬೇರೆ. ನನ್ನಂಥ ಭಕ್ತನ ಲೆಕ್ಕವನ್ನು ನೋಡುವುದೇ ಅಪಚಾರವೆಂದು ಅವರು ಹೇಳಲಿಲ್ಲ, ಬೀಗ ತೆಗೆದರು. ಚಾಡಿ ಮಾತನ್ನೇ ತೀರ್ಪೆಂದು ಅರಸನೂ ಹಿಡಿಯಲಿಲ್ಲ, ಎಣಿಸಿ ನೋಡಿದ. ಮಠಗಳು, ಸಂಘ ಸಂಸ್ಥೆಗಳು ಇದರ ಮೊದಲ ಭಾಗವನ್ನು ನೆನಪಿಡಬೇಕು. ನಂಬಿಕೆಯಿದ್ದಲ್ಲಿ ಲೆಕ್ಕವೇಕೆ ಎಂಬ ಮಾತನ್ನು ನಮ್ಮವರ ಬಾಯಲ್ಲಿ ನಾವು ಅನೇಕ ಸಲ ಕೇಳಿದ್ದೇವೆ. ನಂಬಿಕೆ ಉಳಿಯಬೇಕಾದರೆ ಲೆಕ್ಕ ಬೇಕು.

ಕೊನೆಯದಾಗಿ ಒಂದು ಪತ್ರದ ವಿಷಯ. ಹಳೆಯ ವಿದ್ಯಾರ್ಥಿಯೊಬ್ಬರು, ಈಗ ಸ್ವಂತ ಕಚೇರಿಯಿಟ್ಟುಕೊಂಡು ಮೂವರಿಗೆ ಕೆಲಸ ಕೊಟ್ಟವರು, ಹೀಗೆ ಬರೆದಿದ್ದಾರೆ: ಬಂದ ಕಕ್ಷಿ ಕುರ್ಚಿಯಲ್ಲಿ ಕೂರುವ ಮೊದಲೇ ಇಷ್ಟು ಬೆಲೆ ಬರಬೇಕು ಎನ್ನುತ್ತಾನೆ, ಆಗುವುದಿಲ್ಲವೆಂದರೆ ಎದುರಿನ ಕಟ್ಟಡದವರು ಮಾಡಿಕೊಡುತ್ತಾರೆ, ಬೆಲೆಯಂತೂ ಅಷ್ಟೇ ಬರುತ್ತದೆ, ನನ್ನ ಕೆಲಸ ಮಾತ್ರ ಹೋಗುತ್ತದೆ, ಹೀಗಿರುವಾಗ ನನ್ನ ನಿರಾಕರಣೆಯಿಂದ ಯಾರಿಗೆ ಲಾಭ? ಈ ವಾದ ಹಗುರವಾದುದಲ್ಲ. ಮೂವರ ಸಂಬಳದ ಹೊಣೆ ಹೊತ್ತವರಿಗೆ ಉಪವಾಸದ ಉಪದೇಶ ಮಾಡಲು ನಮಗೂ ಮನಸ್ಸಿಲ್ಲ. ಎದುರಿನ ಕಟ್ಟಡದವರು ಮಾಡಿಕೊಡುವುದು ನಿಜ. ಆದರೆ ಅವರ ಸಹಿಯ ಹೊಣೆ ಅವರದು, ಇವರ ಸಹಿಯ ಹೊಣೆ ಇವರದು. ಎಲ್ಲರೂ ಕದಿಯುವ ಊರಿನಲ್ಲಿಯೂ ಕದ್ದವನ ಕೈಯಲ್ಲಿರುವುದು ಕದ್ದ ಮಾಲೇ.

ಅವರಿಗೆ ನಾವು ಬರೆದದ್ದು ಒಂದು ಸಣ್ಣ ಕೆಲಸವನ್ನು. ಬಂದವರು ಬಾಯಿಬಿಟ್ಟು ಹೇಳಿದ ಅಂಕಿಯನ್ನು, ಹೇಳಿದ ದಿನಾಂಕದೊಡನೆ, ಅವರೆದುರಿಗೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಈ ಹಾಳೆ ಕಡತದ ಮೊದಲ ಪುಟವಾಗಿರುತ್ತದೆ, ಮುಂದೆ ನ್ಯಾಯಾಲಯ ಕೇಳಿದರೆ ಇದನ್ನೂ ಕೊಡಬೇಕಾಗುತ್ತದೆ ಎಂದು ತಿಳಿಸಿ. ಆಮೇಲೂ ಅವರು ಕುಳಿತೇ ಇದ್ದರೆ ಕೆಲಸ ಹಿಡಿಯಿರಿ, ಲೆಕ್ಕ ಎಲ್ಲಿಗೆ ಒಯ್ಯುವುದೋ ಅಲ್ಲಿಗೆ ಹೋಗಿ. ಎಷ್ಟು ಜನ ಕುಳಿತಿರುತ್ತಾರೆ, ಎಷ್ಟು ಜನ ಎದ್ದು ಹೋಗುತ್ತಾರೆ ಎಂಬುದನ್ನು ವರ್ಷಾಂತ್ಯಕ್ಕೆ ನಮಗೆ ತಿಳಿಸಬೇಕೆಂದು ಕೇಳಿದ್ದೇವೆ.